ಮಾವ, ನಿಮ್ಮ ಮಗಳು ಲೇಸರ್ ಯಂತ್ರ ತಂದಿದ್ದಾಳೆ

ಪ್ರೀತಿಯ ಮಾವ,

ನಿಮ್ಮ ಮಗಳು ಲೇಸರ್ ಯಂತ್ರ ತಂದಿದ್ದಾಳೆ. ಈ ಒಂದು ಸಾಲನ್ನು ನಿಮಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ವಾರಗಳು ಕಳೆದವು. ನೀವಿದ್ದಿದ್ದರೆ ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂರುತ್ತಿದ್ದಿರಿ, ಗೊತ್ತು. ನಾನು ಮಾತ್ರ ಆ ಕೋಣೆಯ ಹೊಸ್ತಿಲು ದಾಟುವ ಮೊದಲು ಒಮ್ಮೆ ನಿಲ್ಲುತ್ತೇನೆ. ಬೆಳಕಿನಿಂದ ಅಕ್ಷರ ಕೆತ್ತುವ ಯಂತ್ರ, ಮಾವ. ಮರ, ಗಾಜು, ಚರ್ಮ, ಕಾರ್ಕಳದ ಕರಿಕಲ್ಲು, ಏನು ಇಟ್ಟರೂ ಬರೆಯುತ್ತದೆ. ಉಳಿಯೂ ಇಲ್ಲ, ಸೂಜಿಯೂ ಇಲ್ಲ, ಬೆಳಕಿನ ಒಂದು ಎಳೆ ಅಷ್ಟೆ. ಆ ಎಳೆ ಕಣ್ಣಿಗೆ ಕಾಣುವುದೂ ಇಲ್ಲ. ಕಾಣದ ಬೆಳಕೇ ಕಣ್ಣನ್ನು ಸುಡಬಲ್ಲದು ಎಂದು ಓದಿದ ಮೇಲೆ ನನ್ನ ನಿದ್ದೆ ಕೆಟ್ಟಿದೆ. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕೇ?

ಕಡಿಯಾಳಿಯ ನಿಮ್ಮ ಅಂಗಡಿಯ ಆ ಮಧ್ಯಾಹ್ನ ನನಗಿನ್ನೂ ಹಾಗೆಯೇ ಇದೆ. ನಾನು ಕಾಲೇಜು ಮುಗಿಸಿ ಬಂದು ನಿಮ್ಮ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದೆ. ನೀವು ಪೆರ್ಡೂರು ದೇವಸ್ಥಾನದ ದೀಪಸ್ತಂಭಕ್ಕೆ ಸೇವೆ ಕೊಟ್ಟವರ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತುತ್ತಿದ್ದಿರಿ. ಒಂದು ಕಡ್ಡಿಯನ್ನು ದೊಡ್ಡ ಅಕ್ಷರದ ಅಚ್ಚಿನ ಮೇಲೆ ಆಡಿಸಿದರೆ, ಇನ್ನೊಂದು ತುದಿಯ ತಿರುಗುವ ಮೊಳೆ ಅದೇ ಅಕ್ಷರವನ್ನು ಸಣ್ಣದಾಗಿ ಕೊರೆಯುವ ಯಂತ್ರ ಅದು. ಮೊಳೆಯ ಸುತ್ತ ಒಂದು ಮುಚ್ಚಳ ಇರಬೇಕಿತ್ತು. ಮಾರಿದವನು ಅದನ್ನು ಕೊಡಲೇ ಇಲ್ಲ. ನೀವು ಕೇಳಿದಾಗ "ಎಂತ ಆಗುವುದಿಲ್ಲ" ಎಂದಿದ್ದನಂತೆ. ಹಿತ್ತಾಳೆಯ ಒಂದು ಚೂರು ಹಾರಿತು. ನೀವು ಕಣ್ಣುಜ್ಜಿಕೊಂಡು "ಧೂಳು ಮಾರಾಯ, ಧೂಳು" ಎಂದು ನಕ್ಕು, ಉಳಿದ ಹೆಸರುಗಳನ್ನು ಮುಗಿಸಿಯೇ ಎದ್ದಿರಿ. ಸಂಜೆ ಮಣಿಪಾಲದಲ್ಲಿ ಡಾಕ್ಟರು ನಿಮ್ಮ ಬಲಗಣ್ಣಿಗೆ ದೀಪ ಹಿಡಿದು ನೋಡಿ, ಏನೂ ಹೇಳದೆ ದೀಪ ಆರಿಸಿದರಲ್ಲ...

ಆಮೇಲೆ ನೀವು ಹಕ್ಕಿಯ ಹಾಗೆ ತಲೆ ಓರೆ ಮಾಡಿ ನೋಡುವುದನ್ನು ಕಲಿತಿರಿ. ಸುಜಾತ ಶಾಲೆ ಬಿಟ್ಟವಳೇ ಅಂಗಡಿಗೆ ಬಂದು ನಿಮ್ಮ ಬಲಗಡೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. "ಅಪ್ಪ, ಗಿರಾಕಿ ಬಂದರು." "ಅಪ್ಪ, ಚಾ ಇಟ್ಟಿದ್ದಾರೆ, ಕೈ ತಾಗೀತು." ನಿಮಗೆ ಕಾಣದ ಬದಿಯನ್ನೆಲ್ಲ ಅವಳೇ ನೋಡಿಕೊಂಡಳು. ನೀವು ಅವಳನ್ನು ನನಗೆ ಕೊಟ್ಟಾಗ ಊರವರು ಸೋದರಮಾವನ ಮಗಳಲ್ಲವೇ, ಸರಿಯೇ ಎಂದರು. ನನಗೆ ಮಾತ್ರ ನಿಮ್ಮ ಒಂದು ಕಣ್ಣನ್ನೇ ನನ್ನ ಕೈಗೆ ಕೊಟ್ಟ ಹಾಗಾಗಿತ್ತು. ಆ ಮಾತನ್ನು ನಿಮಗೆ ಹೇಳಲಿಲ್ಲ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಹೊತ್ತಿನಲ್ಲಿ ಯಶವಂತ ನಮ್ಮ ಕಾಪುವಿನ ಮನೆಯ ಜಗಲಿಗೆ ಬಂದು ಕುಳಿತ. ನೀವು ಅವನನ್ನು ಚಡ್ಡಿಯಲ್ಲಿ ನೋಡಿದವರು. ಈಗ ಅವನದೇ ದೋಣಿ ಇದೆ. ತುಂಡಾಗಿ ತೇಲಿಹೋದ ಬಲೆಯೊಂದು ಯಾರದೆಂದು ಎರಡು ದೋಣಿಯವರಿಗೆ ಜಗಳವಾಗಿತ್ತು. ಬಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಫ್ಲೋಟ್‌ಗಳ ಮೇಲೆ ಪೇಂಟಿನಲ್ಲಿ ಬರೆದಿದ್ದ ಹೆಸರು ಉಪ್ಪುನೀರಿಗೆ ಅಳಿಸಿಹೋಗಿತ್ತು.

"ಅಕ್ಕ, ನಿಮ್ಮ ಅಪ್ಪ ಹಿತ್ತಾಳೆಯಲ್ಲಿ ಕೆತ್ತಿಕೊಟ್ಟ ಹೆಸರು ನಮ್ಮ ದೋಣಿಯಲ್ಲಿ ಇನ್ನೂ ಉಂಟು. ಹಾಗೆ ಈ ಫ್ಲೋಟಿನ ಮೇಲೆ ಕೆತ್ತಲಿಕ್ಕೆ ಆಗುವುದಿಲ್ವಾ?"

"ಲೇಸರ್‌ನಲ್ಲಿ ಆಗ್ತದೆ" ಎಂದಳು ಸುಜಾತ, ಒಂದು ಕ್ಷಣವೂ ತಡಮಾಡದೆ. ಶಾಲೆಯ ಆಫೀಸಿನ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಮೊಬೈಲಿನಲ್ಲಿ ನೋಡುತ್ತಿದ್ದುದು ಅಡುಗೆಯ ವೀಡಿಯೊ ಎಂದುಕೊಂಡಿದ್ದೆ. ನಿಮ್ಮ ಹಳೆಯ ಯಂತ್ರವನ್ನು ಪ್ರತಿ ಆಯುಧಪೂಜೆಗೆ ಒರೆಸಿ ಕುಂಕುಮ ಇಡುತ್ತಿದ್ದವಳ ಮನಸ್ಸಿನಲ್ಲಿ ಏನಿತ್ತೆಂದು ನಾನಾದರೂ ಊಹಿಸಬೇಕಿತ್ತಲ್ಲವೇ?

ಲೇಸರ್ ಯಂತ್ರ ಮಾರುವ ಉಡುಪಿಯ ಅಂಗಡಿಗೆ ಹೋದ ದಿನ ನನ್ನ ರಕ್ತ ಕುದಿಯಿತು. ಮೇಜಿನ ಮೇಲೆ ಬರೀ ನಾಲ್ಕು ಕಂಬಿಗಳ ಚೌಕಟ್ಟು, ನಡುವೆ ಓಡಾಡುವ ಒಂದು ಡಬ್ಬಿ, ಅದರ ಬುಡದಲ್ಲಿ ಕಣ್ಣು ಕೋರೈಸುವ ನೀಲಿ ಚುಕ್ಕೆ. ಮುಚ್ಚಳವೇ ಇಲ್ಲ. ಸುತ್ತ ನಿಂತವರೆಲ್ಲ ಬಗ್ಗಿ ಬಗ್ಗಿ ಆ ಚುಕ್ಕೆಯನ್ನೇ ನೋಡುತ್ತಿದ್ದರು. ಒಬ್ಬ ತಾಯಿ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಜೊತೆಗೆ ಕೊಡುವ ಹಸಿರು ಕನ್ನಡಕವನ್ನು ತಿರುಗಿಸಿ ನೋಡಿದೆ. ಯಾವ ಬಗೆಯ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಒಂದಕ್ಷರವೂ ಇರಲಿಲ್ಲ.

"ಇದು ಈ ಬೆಳಕಿಗೆ ಸಾಕಾಗುತ್ತದೆ ಎಂದು ಎಲ್ಲಿ ಬರೆದಿದೆ?"

"ಸರ್, ಎಂತ ಆಗುವುದಿಲ್ಲ. ಒಳ್ಳೆ ಗ್ಲಾಸ್. ಬಿಸಿಲಿಗೂ ಹಾಕಬಹುದು."

ಅದೇ ಮಾತು, ಮಾವ! ನಿಮ್ಮ ಕಣ್ಣು ತಿಂದ ಅದೇ ಮಾತು ಇಷ್ಟು ವರ್ಷದ ಮೇಲೆ ಹೊಸ ಅಂಗಿ ಹಾಕಿಕೊಂಡು ಕೌಂಟರಿನ ಹಿಂದೆ ನಿಂತಿತ್ತು. ಹೆಲ್ಮೆಟ್ ಇಲ್ಲದೆ ಸ್ಕೂಟರ್ ಬಿಟ್ಟರೆ ಹಿಡಿಯುವ ಊರಿನಲ್ಲಿ ಇದನ್ನು ಕೇಳುವವರು ಯಾರು? ಪತ್ರಿಕೆಗೆ ಬರೆದೆ. ನನ್ನ ಪತ್ರದ ಮುಕ್ಕಾಲು ಭಾಗ ಕತ್ತರಿಸಿ, ಬೀದಿದೀಪ ಉರಿಯುತ್ತಿಲ್ಲವೆಂಬ ದೂರಿನ ಕೆಳಗೆ ಹಾಕಿದರು. ಸುಜಾತ ಅದನ್ನು ಓದಿ ಹೇಳಿದಳು: "ಎರಡೂ ಬೆಳಕಿನ ವಿಷಯವೇ ಅಲ್ವಾ ಮಾರಾಯ್ರೆ."

ಕಾರ್ಕಳದಲ್ಲಿ ಲಾರೆನ್ಸರ ಕಲ್ಲಿನ ಶೆಡ್ಡಿಗೆ ಅವಳೇ ಎಳೆದುಕೊಂಡು ಹೋದಳು. ಇಗರ್ಜಿಗಳ ಸಿಮಿತ್ರಿಗೆ, ಅಂದರೆ ಸ್ಮಶಾನಕ್ಕೆ, ಸಮಾಧಿಯ ಕರಿಕಲ್ಲು ಮಾಡುವವರು ಅವರು. ನಾವು ಹೋದಾಗ ಒಬ್ಬ ಅಜ್ಜಿಯ ಮುಖ ಕಲ್ಲಿನ ಮೇಲೆ ಗೆರೆ ಗೆರೆಯಾಗಿ ಮೂಡುತ್ತಿತ್ತು, ಕಿವಿಯ ಕೊಪ್ಪಿನ ಸಮೇತ. ಯಂತ್ರ ಮುಚ್ಚಿದ ಪೆಟ್ಟಿಗೆಯೊಳಗಿತ್ತು. ಹೊಗೆಯನ್ನು ಒಂದು ದಪ್ಪ ಪೈಪು ಗೋಡೆಯಾಚೆಗೆ ಒಯ್ಯುತ್ತಿತ್ತು. ಬಾಗಿಲು ತೆಗೆದರೆ ಬೆಳಕು ತಾನಾಗಿ ನಿಲ್ಲುತ್ತದೆ ಎಂದರು. ನಾನು ತೆಗೆಸಿ ನೋಡಿದೆ. ಮತ್ತೆ ತೆಗೆಸಿದೆ.

"ನೀವು ಮೆಷಿನ್ ನೋಡ್ಲಿಕ್ಕೆ ಬಂದದ್ದಾ ಸಾರ್, ನನ್ನನ್ನು ಪರೀಕ್ಷೆ ಮಾಡ್ಲಿಕ್ಕೆ ಬಂದದ್ದಾ?" ಎಂದರು ಲಾರೆನ್ಸ್. "ಪರವಾಗಿಲ್ಲ, ಇನ್ನೊಮ್ಮೆ ತೆಗೆಯಿರಿ. ನನ್ನ ಗಿರಾಕಿಗಳಿಗೆ ಅವಸರ ಇಲ್ಲ."

ಅವರು ಸುಜಾತಳಿಗೆ ಹೇಳಿದ್ದು ಇಷ್ಟೆ: "ಮೊದಲು ಎಂತ ಕೆತ್ತಬೇಕು ಅಂತ ನಿಶ್ಚಯ ಮಾಡಿ, ಮತ್ತೆ ಮೆಷಿನ್. ಜನ ಉಲ್ಟಾ ಮಾಡ್ತಾರೆ." ಬರಿಯ ಹಿತ್ತಾಳೆಗೆ ಬೇರೆಯೇ ಜಾತಿಯ ಲೇಸರ್ ಬೇಕಂತೆ. ಮರ, ಗಾಜು, ಚರ್ಮ, ಕಲ್ಲಿಗೆ ಗಾಜಿನ ಕೊಳವೆಯಿಂದ ಬೆಳಕು ಹುಟ್ಟಿಸುವ ಯಂತ್ರ ಸಾಕು. ಅದು ಮುಚ್ಚಳವಿರುವ ಪೆಟ್ಟಿಗೆಯಲ್ಲೇ ಬರುತ್ತದೆ. "ಹಿತ್ತಾಳೆಗೆ ಅಪ್ಪನ ಮೆಷಿನ್ ಉಂಟು" ಎಂದಳು ನಿಮ್ಮ ಮಗಳು. ನೀವು ಕೇಳಬೇಕಿತ್ತು, ಮಾವ, ಅವಳು ಅದನ್ನು ಹೇಳಿದ ರೀತಿಯನ್ನು.

ಯಂತ್ರ ಬಂದ ದಿನ ಅವಳು ಪೆಟ್ಟಿಗೆಯ ಮುಂದೆ ಚಾಪೆ ಹಾಸಿ ಕುಳಿತಳು. ನಾನು ಒಂದೊಂದೇ ಅಡ್ಡಿ ಹುಡುಕಿದೆ. ಕೊಳವೆಯನ್ನು ತಣ್ಣಗಿಡುವ ನೀರಿಗೆ ಬಾವಿಯ ನೀರು ಆಗದು, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬೇಕು ಎಂದೆ. ತಂದಳು. ಅರ್ಥಿಂಗ್ ಸರಿಯಿಲ್ಲದಿದ್ದರೆ ಶಾಕ್ ಹೊಡೆದೀತು ಎಂದೆ. ಎಲೆಕ್ಟ್ರಿಷಿಯನ್ ಬಂದು ಹೊಸದಾಗಿ ಹಾಕಿಹೋದ. ಬೆಂಕಿ ಆರಿಸುವ ಸಿಲಿಂಡರ್ ಬೇಕು ಎಂದೆ. ಕಿಟಕಿಯಿಂದ ಹೊಗೆಯ ಪೈಪು ಹೊರಗೆ ಹೋಗಬೇಕು ಎಂದೆ. ಎಲ್ಲ ಮುಗಿದ ಮೇಲೆ, ಕಡಲ ಗಾಳಿಗೆ ಒಳಗಿನ ಕನ್ನಡಿಗಳು ಮಸುಕಾದಾವು ಎಂದೆ.

"ನಿಮ್ಮ ಹೆದರಿಕೆಯನ್ನು ಹೊರಗೆ ಹಾಕ್ಲಿಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಸಿಗ್ತದಾ?" ಎಂದಳು.

ಮೊದಲು ಅವಳು ಹಲಸಿನ ಹಲಗೆಯ ತುಂಡಿನ ಮೇಲೆ ಚೌಕಗಳನ್ನು ಸುಟ್ಟಳು. ಒಂದೊಂದಕ್ಕೂ ಬೇರೆ ವೇಗ, ಬೇರೆ ಶಕ್ತಿ. ಯಾವುದರಲ್ಲಿ ಅಕ್ಷರ ಚಂದ, ಯಾವುದರಲ್ಲಿ ಬರೀ ಇದ್ದಲು ಎಂದು ನೋಡಿಕೊಳ್ಳಲು. ನೀವು ಹೊಸ ಮೊಳೆ ಹಾಕಿದಾಗ ಫಲಕದ ಹಿಂಬದಿಯಲ್ಲಿ ಗೀಚಿ ನೋಡುತ್ತಿದ್ದಿರಲ್ಲ, ಹಾಗೆಯೇ. ಮುಚ್ಚಳ ಹಾಕಿದ್ದರೂ ನಾನು ಕನ್ನಡಕ ಹಾಕಿ, ಅದರ ಮೇಲೆ ಕೈಯನ್ನೂ ಅಡ್ಡ ಹಿಡಿದಿದ್ದೆ. ಬೆರಳ ಸಂದಿಯಿಂದ ನೋಡಿದಾಗ ಮರದ ಮೇಲೆ ಒಂದು "ಅ" ಮೂಡಿತ್ತು. ನಿಮ್ಮ ಅಚ್ಚಿನ "ಅ". ಅದನ್ನು ಅವಳು ಮೊಬೈಲಿನಲ್ಲಿ ಫೋಟೊ ಹಿಡಿದು ಯಂತ್ರಕ್ಕೆ ಹಾಕಿದ್ದಳು. ನನ್ನ ಹೆದರಿಕೆ ಸ್ವಲ್ಪ ಇಳಿಯಿತು ಎಂದು ಬರೆಯಬೇಕು, ಆದರೆ...

ಯಶವಂತ ಫ್ಲೋಟ್‌ಗಳ ಚೀಲ ಹೊತ್ತು ತಂದ ಬೆಳಗ್ಗೆ ನಾನು ಅಂಗಳದಲ್ಲಿದ್ದೆ. ಚೀಲ ಬಿಚ್ಚಿದ ಕೂಡಲೇ ಮನೆಯೆಲ್ಲ ಮೀನು, ಉಪ್ಪು, ಪಾಚಿಯ ವಾಸನೆ. ಮೊದಲ ಕೆಲವು ಫ್ಲೋಟ್‌ಗಳ ಮೇಲೆ ಅವನ ದೋಣಿಯ ಹೆಸರು ಅಚ್ಚುಕಟ್ಟಾಗಿ ಬಂತು. ಆಮೇಲೆ ಚೀಲದ ತಳದ ಹಳೆಯ ಫ್ಲೋಟ್‌ಗಳನ್ನು ಇಟ್ಟಳು. ಗಂಟಲಲ್ಲಿ ಏನೋ ಕೆರೆದ ಹಾಗಾಯಿತು.

"ಇದೆಂತ ವಾಸನೆ?" ಎಂದು ನಾನು ಬಾಗಿಲಿನಿಂದ ಕೇಳಿದೆ.

"ಮೀನಿನದ್ದು ಭಾವ. ಕಾಪುವಿನಲ್ಲಿ ಹುಟ್ಟಿ ಮೀನಿನ ವಾಸನೆ ಕೇಳ್ತೀರಲ್ಲ" ಎಂದು ಯಶವಂತ ನಕ್ಕ. ನಾವೆಲ್ಲ ನಕ್ಕೆವು. ಕಡಲ ಬದಿಯ ಮೂಗು ನಮ್ಮದು. ಚೀಲದ ವಾಸನೆಯ ಅಡಿಯಲ್ಲಿ ಇನ್ನೊಂದು ಅಡಗಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಸುಜಾತ ಮುಚ್ಚಳ ಎತ್ತಿ, ಫ್ಲೋಟನ್ನು ತಿರುಗಿಸಿಡಲು ಬಗ್ಗಿದಳು. ಮರುಕ್ಷಣ ಎರಡೂ ಕಣ್ಣು ಮುಚ್ಚಿಕೊಂಡು ಹಿಂದೆ ಸರಿದಳು. ಬಲಗಣ್ಣನ್ನು ಉಜ್ಜುತ್ತ ಅವಳು ಹೇಳಿದ್ದೇನು ಗೊತ್ತೇ, ಮಾವ?

"ಎಂತ ಇಲ್ಲ ಮಾರಾಯ್ರೆ. ಧೂಳು."

ಮಣಿಪಾಲದ ದಾರಿ ಅಂದು ಮುಗಿಯಲೇ ಇಲ್ಲ. ಯಶವಂತ ಕಾರು ಬಿಡುತ್ತಿದ್ದ. ಬಾಟಲಿಯ ನೀರನ್ನು ಅವಳ ಕಣ್ಣಿಗೆ ಸುರಿಯುತ್ತ ನಾನು ಹಿಂದೆ ಕುಳಿತಿದ್ದೆ. ಕೆಮ್ಮಿನ ನಡುವೆ ಅವಳು ತಲೆಯನ್ನು ಓರೆ ಮಾಡಿ ನನ್ನನ್ನು ನೋಡಲು ಯತ್ನಿಸಿದಳು, ನಿಮ್ಮ ಹಾಗೆಯೇ, ಹಕ್ಕಿಯ ಹಾಗೆ. ನಾನು ಬಾಟಲಿಯನ್ನು ಇನ್ನಷ್ಟು ಬಗ್ಗಿಸಿದೆ. ಬೆಳಕು ತಾಗಿದೆ, ಮುಗಿಯಿತು, ಎರಡನೆಯ ಸಲವೂ ಇದೇ ದಾರಿ ಎಂದು... ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಬಲಗಣ್ಣಿಗೆ ದೀಪ ಹಿಡಿದಾಗ ನಾನು ನೋಡಿದ್ದು ಡಾಕ್ಟರ ಮುಖವನ್ನು. ದೀಪ ಆರಿಸುವ ಮೊದಲು ಆಕೆ ಮಾತಾಡಿದರು. "ಇದು ಬೆಳಕು ತಾಗಿದ್ದಲ್ಲ, ಹೊಗೆ. ಎಂತ ಸುಟ್ಟಿರಿ?" ತೊಳೆದರು, ಹನಿ ಹಾಕಿದರು. ಉಸಿರನ್ನೂ ಪರೀಕ್ಷಿಸಿದರು. ಕಣ್ಣು ಉಳಿಯಿತು, ಮಾವ. ಎರಡೂ ಉಳಿದವು.

ಮರಳಿ ಬಂದು ಲಾರೆನ್ಸರಿಗೆ ಫೋನ್ ಮಾಡಿದಾಗ ಅವರು ಮೊದಲು ಫ್ಲೋಟ್ ಎಂಥದ್ದೆಂದು ಕೇಳಿದರು. "ಪಿವಿಸಿ ಇರಬೇಕು. ಅದನ್ನು ಲೇಸರ್‌ಗೆ ಇಡಲೇಬಾರದು. ಆಸಿಡಿನ ಹೊಗೆ ಬರ್ತದೆ" ಎಂದರು. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಫ್ಲೋಟಿಗೆ ಚುಚ್ಚಿ, ಆ ತಂತಿಯನ್ನು ಮತ್ತೆ ಉರಿಗೆ ಹಿಡಿಯಲು ಹೇಳಿದರು; ಉರಿ ಹಸಿರಾದರೆ ಪಿವಿಸಿಯೇ ಅಂತೆ. ಬಾಗಿಲಾಚೆ ಸ್ಟವ್ ಇಟ್ಟು ಹಾಗೆಯೇ ಮಾಡಿದೆವು. ಹೊಸ ಫ್ಲೋಟಿಗೆ ಉರಿಯ ಬಣ್ಣ ಬದಲಾಗಲಿಲ್ಲ. ತಳದ ಹಳೆಯ ಫ್ಲೋಟಿಗೆ ಉರಿ ಪಚ್ಚೆ ಹಸಿರಾಯಿತು. ಎಷ್ಟು ಚಂದದ ಬಣ್ಣ, ಮಾವ, ನೋಡಿದರೆ ಮೈ ನಡುಗುವಷ್ಟು ಚಂದ. ನಾನು ಬೆಳಕಿಗೆ ಹೆದರಿ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದೆ. ಅಪಾಯ ಹೊಗೆಯ ದಾರಿಯಲ್ಲಿ ಬಂತು. ಯಂತ್ರದ ಜೊತೆ ವ್ಯಾಪಾರಿ ಕೊಟ್ಟ ಹಾಳೆಯಲ್ಲಿ "ಎಲ್ಲ ಬಗೆಯ ಪ್ಲಾಸ್ಟಿಕ್‌ಗೆ ಸೂಕ್ತ" ಎಂದಿತ್ತು. ಎಲ್ಲ ಬಗೆಯ! ಅವನಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಬರುವವರೆಗೆ ಬರೆಯುತ್ತಲೇ ಇರುತ್ತೇನೆ.

ಅವಳು ನಿಲ್ಲಿಸುತ್ತಾಳೆ ಎಂದು ನಾನು ಆಸೆಪಟ್ಟೆ. ಡಾಕ್ಟರು ಸರಿಯಾಯಿತು ಎಂದ ಮರುದಿನ ಅವಳು ಯಂತ್ರದ ಕನ್ನಡಿಗಳನ್ನು ಒರೆಸುತ್ತಿದ್ದಳು. ನಾನು ಸಿಟ್ಟಿನಿಂದ ಏನೇನೋ ಅಂದೆ. ಅವಳು ಬಟ್ಟೆ ಕೆಳಗಿಟ್ಟಳು.

"ಅಪ್ಪನ ಅಂಗಡಿಯಲ್ಲಿ ಅಪ್ಪ ಇದ್ದರು, ನೀವು ಇದ್ದಿರಿ, ಗಿರಾಕಿಗಳು ಇದ್ದರು. ಹೆದರುವವರು ಒಬ್ಬರೂ ಇರಲಿಲ್ಲ. ನನ್ನ ಅಂಗಡಿಗೆ ಅಂಥವರು ಒಬ್ಬರು ಬೇಕು. ನಿಮಗೆ ಹೇಗೂ ಅಭ್ಯಾಸ ಉಂಟಲ್ಲ."

ಹಾಗಾಗಿ, ಮಾವ, ನಿಮಗೆ ತಿಳಿಯದ ಸುದ್ದಿ ಇದು: ನನಗೆ ಕೆಲಸ ಸಿಕ್ಕಿದೆ. ಹೊರಗಿನಿಂದ ಬಂದ ಪ್ರತಿಯೊಂದು ಪ್ಲಾಸ್ಟಿಕ್ ತುಂಡಿಗೂ ನಾನು ತಂತಿ ಚುಚ್ಚಿ ಉರಿ ನೋಡುತ್ತೇನೆ. ಹಸಿರು ಕಂಡರೆ ವಾಪಸ್. ಯಶವಂತ ನನ್ನನ್ನು "ಚೆಕ್‌ಪೋಸ್ಟ್ ಭಾವ" ಎಂದು ಕರೆಯುತ್ತಾನೆ. ಯಂತ್ರ ಓಡುವಷ್ಟು ಹೊತ್ತು ಮುಚ್ಚಳ ತೆಗೆಯಗೊಡುವುದಿಲ್ಲ. ಹಲಸಿನ ಹಲಗೆಯಲ್ಲಿ ನಿಮ್ಮ ಅಚ್ಚಿನ ಅಕ್ಷರಗಳಲ್ಲೇ ಅವಳು ಒಂದು ಬೋರ್ಡು ಕೆತ್ತಿ ಬಾಗಿಲಿಗೆ ತೂಗಿದ್ದಾಳೆ: "ಇಲ್ಲಿ ಯಾರೂ 'ಎಂತ ಆಗುವುದಿಲ್ಲ' ಎಂದು ಹೇಳಬಾರದು." ಬಂದವರು ಓದಿ ನಗುತ್ತಾರೆ. ನಾನು ನಗುವುದಿಲ್ಲ.

ಈಗ ಒಳಗಿನಿಂದ ಅವಳು ಕರೆಯುತ್ತಿದ್ದಾಳೆ, ನೀರಿನ ಪಂಪು ಹಾಕಿಯಾಗಿದೆ. ನನ್ನ ಸ್ಟೂಲು ಅವಳ ಬಲಗಡೆಗಿದೆ, ಕೈಗೆಟಕುವಲ್ಲಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ. ಅಂಜಿಕೆ ಹೋಗಿಲ್ಲ, ಹೋಗುವುದೂ ಬೇಡ. ನಿಮ್ಮ ಮಗಳು ನಿಮ್ಮನ್ನು ಸೇರುವ ದಿನ ತುಂಬ ತಡವಾಗಿ ಬರಲಿ. ಆ ದಿನ ಅವಳು ನಿಮ್ಮನ್ನು ನೋಡುವಾಗ ತಲೆ ಓರೆ ಮಾಡಬೇಕಾಗುವುದಿಲ್ಲ, ಮಾವ. ಅಷ್ಟನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಅಳಿಯ