ಬಾತುಕೋಳಿ ಯಾರಿಗೆ ಒದೆಯಿತು?

ಪ್ರೀತಿಯ ಮೇಷ್ಟ್ರೇ,

ಶಿಕ್ಷಕರ ತರಬೇತಿಯಲ್ಲಿದ್ದ ನಮ್ಮನ್ನೆಲ್ಲ ನೀವು ದೊಡ್ಡಬಳ್ಳಾಪುರದ ಟೆಂಟು ಸಿನಿಮಾಕ್ಕೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಮೊದಲಿಗೆ ಹತ್ತು ನಿಮಿಷದ ಕಾರ್ಟೂನು. ಕರಡಿ ನರಿಗೆ ಬೈಯಿತು, ನರಿ ಹೋಗಿ ಬಾತುಕೋಳಿಗೆ ಒದೆಯಿತು. ಟೆಂಟಿಗೆ ಟೆಂಟೇ ನಕ್ಕಿತು. ದೊಡ್ಡ ಚಿತ್ರ ಶುರುವಾಗುವಷ್ಟರಲ್ಲಿ ನೀವು ಎದ್ದು ನಿಂತು, ಪಾಠ ಮುಗಿಯಿತು ನಡೆಯಿರಿ ಅಂದುಬಿಟ್ಟಿರಿ. ಹೊಟ್ಟೆ ಉರಿದುಹೋಗಿತ್ತು ಮೇಷ್ಟ್ರೇ. ಟಿಕೆಟ್ ಕೊಂಡವರು ನೀವೇ ಆದ್ದರಿಂದ ಬಾಯಿ ಬಿಡುವ ಹಾಗಿರಲಿಲ್ಲ.

ಹೊರಗೆ ಕಡಲೆಕಾಯಿ ಕೊಡಿಸಿ ಪಾಠ ಮುಂದುವರಿಸಿದಿರಿ. ದೊಡ್ಡವರ ಮೇಲಿನ ಸಿಟ್ಟನ್ನು ಕೈಗೆ ಸಿಕ್ಕ ಚಿಕ್ಕವರ ಮೇಲೆ ತೀರಿಸಿಕೊಳ್ಳುವುದಕ್ಕೆ ಮನಶ್ಶಾಸ್ತ್ರದಲ್ಲಿ ಸ್ಥಾನಪಲ್ಲಟ ಅನ್ನುತ್ತಾರೆ ಎಂದಿರಿ. ಆಮೇಲೆ ಕೇಳಿದಿರಿ, "ಆ ಬಾತುಕೋಳಿ ಮನೆಗೆ ಹೋಗಿ ಯಾರಿಗೆ ಒದೀತು, ಯಾರಾದ್ರೂ ಯೋಚ್ನೆ ಮಾಡಿದ್ರೇನ್ರಪ್ಪಾ?" ನಾನು ಕಡಲೆಕಾಯಿ ಸುಲಿಯುವುದರಲ್ಲಿ ಮುಳುಗಿದ್ದೆ.

ತರಬೇತಿ ಮುಗಿದು ನಾನೂ ಮೇಷ್ಟ್ರಾದ ಮೇಲೆ, ಕುಂದಾಣದ ಹತ್ತಿರದ ನನ್ನ ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನ ಮಕ್ಕಳೆದುರೇ ನನ್ನ ಕೈಬರಹವನ್ನು ಹೀಯಾಳಿಸಿ ಹೋದರು. ಅವರ ಬೆನ್ನು ಮರೆಯಾಗುತ್ತಲೇ ಮೂರನೇ ಕ್ಲಾಸಿನ ರತ್ನ ಕಿಸಕ್ಕನೆ ನಕ್ಕಳು. "ನಗ್ತೀಯಾ?" ಎನ್ನುತ್ತ ನಾನು ರೂಲುದೊಣ್ಣೆ ತೆಗೆದುಕೊಂಡು ಅವಳ ಅಂಗೈಗೆ... ನಿಮಗೆ ಹೇಗೆ ಹೇಳಲಿ? ಮಾರನೆಯ ದಿನದಿಂದ ಹುಡುಗಿ ಬರಲೇ ಇಲ್ಲ. ಓದಿದ್ದು ಸಾಕು, ಮೇಕೆ ಕಾಯ್ದುಕೊಂಡಿರಲಿ ಅಂದನಂತೆ ಅವಳಪ್ಪ.

ವಾರ ಕಳೆದು ಅವಳ ಮನೆಗೆ ಹೋದಾಗ ರತ್ನ ಅಂಗಳದಲ್ಲಿ ಕಡ್ಡಿ ಹಿಡಿದು ಮೇಕೆಮರಿಗೆ ಬಾರಿಸುತ್ತಿದ್ದಳು. "ನಗ್ತೀಯಾ? ನಗ್ತೀಯಾ?" ನನ್ನದೇ ಮಾತು, ನನ್ನದೇ ರಾಗ. ನಾಚಿಕೆಯಿಂದ ಕುಗ್ಗಿಹೋದೆ. ನಿಮ್ಮ ಪ್ರಶ್ನೆಗೆ ಉತ್ತರ ಕಣ್ಣೆದುರೇ ನಿಂತಿತ್ತು.

"ತಪ್ಪು ನಂದು ಕಣಮ್ಮ. ಬೈದೋರು ಯಾರೋ, ಏಟು ತಿಂದೋಳು ನೀನು," ಅಂದೆ.

ಅವಳು ಕಡ್ಡಿ ಕೆಳಗಿಟ್ಟಳು. "ಹಂಗಾದ್ರೆ ನಾನೂ ಮರಿಗೆ ತಪ್ಪಾಯ್ತು ಅನ್ಬೇಕಾ ಸಾ?"

ಅದರ ಕಿವಿಯಲ್ಲಿ ಅಂದೂ ಬಿಟ್ಟಳು. ಜಗಲಿಯ ಮೇಲಿದ್ದ ಅವಳಪ್ಪನಿಗೆ ನಗು ತಡೆಯಲಾಗಲಿಲ್ಲ. ನಾಳೆಯಿಂದ ಕಳಿಸುತ್ತೇನೆ ಬಿಡಿ ಮೇಷ್ಟ್ರೇ ಎಂದ. ಆವತ್ತಿನಿಂದ ಆ ರೂಲುದೊಣ್ಣೆಗೆ ಗೆರೆ ಎಳೆಯುವುದೊಂದೇ ಕೆಲಸ.

ಈಗ ನೀವಿನ್ನೂ ಕೇಳಿರದ ಸುದ್ದಿ. ರತ್ನ ದೊಡ್ಡವಳಾಗಿ ಈ ವರ್ಷ ದೊಡ್ಡಬಳ್ಳಾಪುರದಲ್ಲಿ, ನೀವು ಪಾಠ ಮಾಡಿದ ಅದೇ ಕೋಣೆಯಲ್ಲಿ ತರಬೇತಿಗೆ ಕೂತಿದ್ದಾಳೆ. ಸ್ಥಾನಪಲ್ಲಟಕ್ಕೆ ಉದಾಹರಣೆ ಕೇಳಿದಾಗ ಎದ್ದು ಮೇಕೆಮರಿಯ ಕಥೆ ಹೇಳಿದಳಂತೆ. ಪಕ್ಕದ ಹುಡುಗಿಯೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರಂತೆ. ಆ ಹುಡುಗಿ ಮೆಲ್ಲಗೆ ಅಂದಳಂತೆ, "ಶನಿವಾರ ಊರಿಗೆ ಹೋಗ್ತೀನಿ ಕಣೆ. ನನ್ ತಂಗಿ ಹತ್ರ ಮಾತಾಡ್ಬೇಕು."

ಆ ದೊಡ್ಡ ಚಿತ್ರವನ್ನು ಇನ್ನೂ ನೋಡದ,
ನಿಮ್ಮ ಚಿಕ್ಕಣ್ಣ