ಫ್ರಿಜ್ಜಿನ ಹಿಂದಿನ ತಟ್ಟೆ

ನಗರದ ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಮನೆಯ ಬಾಗಿಲಿನ ಹೊರಗೆ ತಮ್ಮ ಕಚೇರಿಯವರು ಅಂಟಿಸಿದ ಚೀಟಿಯೊಂದಿದೆ. ಅದರಲ್ಲಿ ಕಳೆದ ತಿಂಗಳ ಹದಿನಾಲ್ಕನೇ ತಾರೀಖಿನ ಎದುರು ‘ಮನೆಯೊಳಗೆ ಪರಿಶೀಲಿಸಲಾಗಿದೆ, ಸೊಳ್ಳೆ ಮರಿ ಇಲ್ಲ’ ಎಂದು ಬರೆದು ಸಹಿ ಹಾಕಲಾಗಿದೆ. ಆ ದಿನ ಮನೆಗೆ ಬೀಗ ಹಾಕಿತ್ತು. ನನ್ನ ಅಕ್ಕ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು, ನಾನು ಅವಳ ಮಂಚದ ಪಕ್ಕ ಕೂತಿದ್ದೆ. ಎರಡು ದಿನ ಕಳೆದು ಅವಳು ತೀರಿಕೊಂಡಳು. ಬೀಗ ಹಾಕಿದ ಮನೆಯೊಳಗೂ ನೋಡಬಲ್ಲ ದಿವ್ಯದೃಷ್ಟಿ ತಮ್ಮ ಇಲಾಖೆಗೆ ಯಾವಾಗ ಒಲಿಯಿತು?

ಅಕ್ಕ ನನ್ನನ್ನು ಎತ್ತಿ ಆಡಿಸಿ ಸಾಕಿದವಳು. ಶುಚಿಯೆಂದರೆ ಅವಳಿಗೆ ಹುಚ್ಚು, ಬಚ್ಚಲನ್ನೂ ಒಣಬಟ್ಟೆಯಲ್ಲಿ ಒರೆಸುವವಳು. ‘ಸೊಳ್ಳೆ ಹುಟ್ಟುವುದು ಕೊಳಕಿನಲ್ಲಿ’ ಎಂದು ತಮ್ಮ ಮೈಕಿನ ಗಾಡಿ ಕೂಗಿಕೊಂಡು ಹೋದಾಗ, ತನ್ನನ್ನೇ ಹೊಗಳಿದರೆಂಬಂತೆ ಬಾಗಿಲಲ್ಲಿ ನಿಂತು ಕೇಳಿದಳು. ಚೀಟಿಯಲ್ಲಿ ‘ಇಲ್ಲ’ ಎಂದು ಬಿದ್ದ ಪ್ರತಿ ಸಾಲನ್ನೂ ಪಕ್ಕದ ಮನೆಯವರಿಗೆ ತೋರಿಸುತ್ತಿದ್ದಳು. ಹೊಗೆ ಬಿಡುವ ಗಾಡಿ ಬಂದರೆ ಕಿಟಕಿ ತೆರೆದಿಟ್ಟು ಇಬ್ಬರೂ ಭಕ್ತಿಯಿಂದ ಕೆಮ್ಮಿದ್ದೇವೆ. ಡೆಂಗಿ ತರುವ ಸೊಳ್ಳೆ ಹುಟ್ಟುವುದು ಹೆಚ್ಚಾಗಿ ನಿಂತ ತಿಳಿನೀರಿನಲ್ಲಿ, ಅದು ಕಚ್ಚುವುದು ಹಗಲಿನಲ್ಲಿ, ಹೊಗೆಗೆ ಹಾರುವ ಸೊಳ್ಳೆ ಸತ್ತರೂ ನೀರೊಳಗಿನ ಮರಿಗೆ ಏನೂ ಆಗುವುದಿಲ್ಲ ಎಂದು ನನಗೆ ಹೇಳಿದ್ದು ತಮ್ಮ ಗಾಡಿಯಲ್ಲ, ಆಸ್ಪತ್ರೆಯ ನರ್ಸಮ್ಮ, ಅಕ್ಕನಿಗೆ ಗ್ಲೂಕೋಸ್ ಬಾಟಲಿ ಬದಲಿಸುತ್ತ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

“ಮನೇಲಿ ಫ್ರಿಜ್ ಇದ್ಯಾ? ಅದರ ಹಿಂದಿನ ತಟ್ಟೆ ಯಾವತ್ತಾದ್ರೂ ನೋಡಿದೀರಾ?” ಎಂದು ನರ್ಸಮ್ಮ ಕೇಳಿದರು.

ಮಾನ್ಯರೇ, ನನ್ನ ಕಸುಬೇ ಫ್ರಿಜ್ ರಿಪೇರಿ. ಇಪ್ಪತ್ತೆರಡು ವರ್ಷಗಳಿಂದ ಅದೇ ಅನ್ನ. ಒಳಗಿನ ಮಂಜು ಕರಗಿ ನೀರು ಬಂದು ಬೀಳುವ ತಟ್ಟೆ ಅದು. ಅದರಲ್ಲಿ ಕೊಂಕಿ ಕೊಂಕಿ ಈಜುವ ಹುಳುಗಳನ್ನು ಎಷ್ಟು ಮನೆಗಳಲ್ಲಿ ಕಂಡಿಲ್ಲ! ಸೊಳ್ಳೆ ಮರಿಯೆಂದು ತಿಳಿಯದೆ, ಏನೋ ನೀರಿನ ಹುಳ ಎಂದು ಚೆಲ್ಲಿ, ತಟ್ಟೆ ಸಿಕ್ಕಿಸಿ ಬಂದಿದ್ದೇನೆ. ಉಜ್ಜಿದವನಲ್ಲ. ಮೊಟ್ಟೆಗಳು ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಕಾಯುತ್ತವೆಂದು ನನಗೇನು ಗೊತ್ತು? ನಮ್ಮ ಮನೆಯದನ್ನಂತೂ ಚೆಲ್ಲಲೂ ಇಲ್ಲ. ಅಕ್ಕ ಮಧ್ಯಾಹ್ನ ಅದೇ ಫ್ರಿಜ್ಜಿನ ಪಕ್ಕ ತಣ್ಣನೆಯ ನೆಲದ ಮೇಲೆ ಅಡ್ಡಾಗುತ್ತಿದ್ದಳು.

“ಊರವರ ಫ್ರಿಜ್ಜೆಲ್ಲ ನೋಡ್ತೀಯ, ನಮ್ಮನೇದರ ಹಿಂದೆ ಒಂದ್ಸಲ ನೋಡೋ. ನನ್ನ ಕೈಲಿ ಎಳೆಯೋಕಾಗಲ್ಲ,” ಎಂದು ಬೇಸಗೆಯಲ್ಲೇ ಹೇಳಿದ್ದಳು. ನಾಳೆ ನೋಡುತ್ತೇನೆ ಎಂದೆ. ನಿನ್ನ ನಾಳೆ ಯಾವತ್ತು ಬಂದಿದೆ ಎಂದು ನಕ್ಕಳು. ಅವಳನ್ನು ಮಣ್ಣು ಮಾಡಿ ಬಂದ ದಿನ ಫ್ರಿಜ್ಜನ್ನು ಎಳೆದೆ. ತಟ್ಟೆಯಲ್ಲಿ ಎರಡು ಬೆರಳು ಆಳ ನೀರು, ಅದರ ತುಂಬ ಹುಳು. ಅಲ್ಲೇ ಕೂತು ಅತ್ತೆ.

ಚೀಟಿಗೆ ಸಹಿ ಹಾಕಿದ ಹೆಂಗಸು ಈ ತಿಂಗಳು ಮತ್ತೆ ಬಂದರು. ಅಕ್ಕ ಎಲ್ಲಿ ಎಂದು ಕೇಳಿ, ಉತ್ತರ ಕೇಳಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ದಿನಕ್ಕೆ ಇನ್ನೂರು ಮನೆಯಂತೆ. ಸಾಲು ಖಾಲಿ ಬಿಟ್ಟರೆ ಮೇಲಿನವರು ಎಲ್ಲರೆದುರು ಉಗಿಯುತ್ತಾರಂತೆ. ‘ಇಲ್ಲ’ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲವಂತೆ. ತಮ್ಮ ವರದಿಯಲ್ಲಿ ನಮ್ಮ ಬೀದಿ ಸೊಳ್ಳೆಮುಕ್ತ. ಹಾಗಾದರೆ ಅಕ್ಕನನ್ನು ಕಚ್ಚಿದ್ದು ಯಾವುದು?

ಆ ಹೆಂಗಸನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳಬೇಡಿ. ಕಡಿಮೆ ಮನೆ ಕೊಡಿ, ಒಂದು ಟಾರ್ಚು ಕೊಡಿ. ಫ್ರಿಜ್ಜಿನ ತಟ್ಟೆ, ನೀರಿನ ಡ್ರಮ್ಮು, ಹೂಕುಂಡದಡಿಯ ಬಟ್ಟಲು ನೋಡುವಷ್ಟು ಹೊತ್ತು ಕೊಡಿ. ವಾರಕ್ಕೊಮ್ಮೆ ನೀರು ಚೆಲ್ಲಿ, ಅಂಚು ಉಜ್ಜಿ ಎಂದು ಗಾಡಿಯಲ್ಲಿ ಕೂಗಿಸಿ. ನನ್ನಂಥ ಕಸುಬಿನವರಿಗೂ ಹೇಳಿಕೊಡಿ, ನಾವು ದಿನಾ ಹತ್ತು ಅಡುಗೆಮನೆ ಹೊಕ್ಕು ಬರುತ್ತೇವೆ.

ಕೊನೆಯದಾಗಿ, ತಾವೇ ಖುದ್ದಾಗಿ ನಮ್ಮ ಬಾಗಿಲಿಗೆ ಬನ್ನಿ. ಹದಿನಾಲ್ಕನೇ ತಾರೀಖಿನ ‘ಇಲ್ಲ’ವನ್ನು ಹೊಡೆದು ‘ಇತ್ತು’ ಎಂದು ಬರೆದು ಸಹಿ ಹಾಕಿ. ಅದರ ಕೆಳಗೆ ನಾನೂ ಸಹಿ ಹಾಕುತ್ತೇನೆ.

ಇಂತಿ,
ಊರಿನ ಫ್ರಿಜ್ಜುಗಳನ್ನೆಲ್ಲ ನೋಡಿ, ಅಕ್ಕನದನ್ನು ನಾಳೆಗೆ ಬಿಟ್ಟ ರಿಪೇರಿಯವನು