ದಮಯಂತಿಯ ಡಾಬು

ಶಿರಾ, ೯ ಜನವರಿ ೧೯೩೪, ಬೆಳಿಗ್ಗೆ

ಒಂದು ಲೋಟ ನೀರುಮಜ್ಜಿಗೆ. ಅಷ್ಟೇ. ಸೊಂಟಕ್ಕೆ ಡಾಬು ಕಟ್ಟಿ ನೋಡಿದೆ — ಕೊಂಡಿ ಕೂರಲಿಲ್ಲ. ಇನ್ನೂ ಎರಡು ಬೆರಳು ಇಳಿಯಬೇಕು. ನಾಟಕದ ಕಂಪನಿಯಲ್ಲಿ ಏಳು ವರ್ಷದಿಂದ ನಾನೇ ದಮಯಂತಿ. ಗಂಡಸಿಗೆ ಇಷ್ಟು ಸಣ್ಣ ಸೊಂಟ ಹೇಗೆ ಬಂತು ಎಂದು ಜನ ಬಾಯಿ ಬಿಡುತ್ತಿದ್ದರು. ಹೊಟ್ಟೆಗೆ ಹಾಕದೆ ಬಂತು, ಇನ್ನು ಹೇಗೆ!

ಮ್ಯಾನೇಜರ್ ಪರ್ವತಯ್ಯ ಇವತ್ತು ಹೇಳಿಯೇ ಬಿಟ್ಟರು: "ಮಧುಗಿರಿ ಕ್ಯಾಂಪಿಗೆ ಡಾಬು ಕೂರ್ನಿಲ್ಲ ಅಂದ್ರೆ ಪಾರ್ಟು ಪಾಲಣ್ಣಂಗೆ ಕಣಪ್ಪಾ, ಚಿಕ್ಕರಂಗಯ್ಯ."

ಪಾಲಣ್ಣ ಹೊಸಬ. ಕಡ್ಡಿಯಂತಿದ್ದಾನೆ. ಹೊಟ್ಟೆಕಿಚ್ಚಾಯಿತು. ಹೊಟ್ಟೆಯಲ್ಲಿ ಬೇರೇನೂ ಇರಲೂ ಇಲ್ಲ.

ಶಿರಾ, ೧೫ ಜನವರಿ

ತಲೆ ಹಗುರ. ಕೆರೆ ಏರಿಯ ಮೇಲೆ ನಡೆದರೆ ಕಾಲು ನೆಲಕ್ಕೆ ತಾಗುವುದೇ ಇಲ್ಲ. ನೀರಿಗೆಲ್ಲ ಸಾರಿನ ಬಣ್ಣ. ಎಲ್ಲಿಂದಲೋ ಒಗ್ಗರಣೆ ವಾಸನೆ... ಕಣ್ಣು ಮುಚ್ಚಿ ಅದನ್ನೇ ಉಂಡೆ.

ಮೊದಲ ವರ್ಷ ನಾಲ್ಕು ದಿನದ ಉಪವಾಸಕ್ಕೇ ಡಾಬು ಜಾರುತ್ತಿತ್ತು. ಹೋದ ವರ್ಷ ಹದಿನೈದು ದಿನ ಹಿಡಿಯಿತು. ಕ್ಯಾಂಪು ಮುಗಿದು ಉಣ್ಣತೊಡಗಿದರೆ ಮೊದಲಿಗಿಂತ ದಪ್ಪ. ಈ ಸಲ ಗಾಳಿ ಕುಡಿದರೂ ಮೈ ಕರಗುತ್ತಿಲ್ಲ. ಬರೀ ಚಳಿ, ನಿದ್ದೆ.

ದೊಡ್ಡೇರಿ, ೨೨ ಜನವರಿ

ಒಂದು ದಿನಕ್ಕೆ ಮನೆಗೆ ಬಂದೆ. ನರಸಮ್ಮ ಮುದ್ದೆ ಇಟ್ಟಳು, ತಟ್ಟೆ ಸರಿಸಿದೆ. ಹೆಂಡತಿ ಬಿಡುತ್ತಾಳೆಯೇ?

"ಬರ ಕಂಡ ಮನೇಲಿ ಹಗೇವು ತೆಗೀತಾರಾ? ಇರೋ ರಾಗಿನ ಆ ನೆಲದ ಗುಂಡೀಲೇ ಮುಚ್ಚಿ ಬಿಗಿ ಮಾಡ್ತಾರೆ. ನೀವು ವರ್ಸಾ ವರ್ಸಾ ಮೈಗೆ ಬರ ತೋರಿಸ್ತೀರ. ಅದೂ ಅಂಗೇಯ — ಒಂದ್ ತುತ್ತು ಬಿದ್ರೂ ಬಚ್ಚಿಟ್ಕತದೆ."

ನಕ್ಕೆ. ನಕ್ಕಿದ್ದಕ್ಕೇ ಕಣ್ಣಿಗೆ ಕತ್ತಲೆ ಬಂತು. ಅವಳು ಅತ್ತಳು. "ನಂಗೆ ಸವತಿ ಅಂದ್ರೆ ಆ ಡಾಬೇಯ."

ಮಧುಗಿರಿ, ೩೧ ಜನವರಿ

ನಿನ್ನೆ ದಾರ ಸೇರಿಸಿ ಹೇಗೋ ಡಾಬು ಕಟ್ಟಿದ್ದೆ. ನಳ ರೂಪ ಕೆಟ್ಟು ಬಾಹುಕನೆಂಬ ಅಡುಗೆಯವನಾಗಿರುತ್ತಾನೆ. ಅವನು ಮಾಡಿದ ಅಡುಗೆಯ ರುಚಿ ನೋಡಿ ದಮಯಂತಿ ಗಂಡನ ಗುರುತು ಹಿಡಿಯಬೇಕು. ಆ ಸೀನಿಗೆ ಯಾವಾಗಲೂ ಖಾಲಿ ಬಟ್ಟಲು. ನಿನ್ನೆ ಭಾರವಿತ್ತು. ಬೆಚ್ಚಗಿತ್ತು. ಮುದ್ದೆ, ಹುರುಳಿ ಸಾರು. ನಾಲಿಗೆಗೆ ತಾಗಿತು — ನರಸಮ್ಮನ ಕೈ! ಗಾಡಿ ಕಟ್ಟಿಸಿಕೊಂಡು ಬಂದು ಪರದೆ ಹಿಂದೆ ನಿಂತಿದ್ದಳು.

ಮಾತು ಮರೆತೆ. ಉಂಡೆ. ಎಲ್ಲವನ್ನೂ. ಕಣ್ಣೀರು ಸುರಿಯುತ್ತಿತ್ತು. ಹಾರ್ಮೋನಿಯಂ ನಿಂತಿತು. ದಾರ ಹರಿದು ಡಾಬು ಠಣ್ಣೆಂದು ಬಿತ್ತು. ಜನ ನಗಲಿಲ್ಲ. ಅವರೂ ಅಳುತ್ತಿದ್ದರು.

ಪಾವಗಡ, ೧೧ ಫೆಬ್ರವರಿ, ಸಂಜೆ

ಡಾಬು ಪಾಲಣ್ಣನಿಗೆ ಹೋಯಿತು. ನಾನು ಬಾಹುಕ. ಸಂಕಟವಿಲ್ಲವೆಂದರೆ ಸುಳ್ಳು. ಆದರೆ ಎರಡು ಹೊತ್ತೂ ಉಣ್ಣುತ್ತಿದ್ದೇನೆ, ಚಳಿ ಬಿಟ್ಟಿದೆ. ನರಸಮ್ಮ ಜೊತೆಗೇ ಬಂದಿದ್ದಾಳೆ.

ಈಗ ಪಾಲಣ್ಣ ಬಣ್ಣ ಹಚ್ಚಿಕೊಳ್ಳುತ್ತ ಗೋಡೆ ಹಿಡಿದುಕೊಂಡ.

"ಯಾಕ್ಲಾ?"

"ಏನಿಲ್ಲ ಕಣಣ್ಣ... ಡಾಬು ಬಿಗಿಯಾಗ್ಬಾರ್ದಲ್ಲ. ನೆನ್ನೆಯಿಂದ ಬರೀ ನೀರು."

ಇವತ್ತು ಬಟ್ಟಲು ಕಳಿಸುವವನು ನಾನು. ನರಸಮ್ಮನ ಗಡಿಗೆಯಲ್ಲಿ ಇನ್ನೂ ಸಾರು ಇದೆ. ಪಾಲಣ್ಣನಿಗೆ ಖಾಲಿ ಬಟ್ಟಲು ಹೋಗುವುದಿಲ್ಲ.